ಟಿ ಕೋಶ ವೈರಸ್ಸನ್ನು ನೋಡುವುದಿಲ್ಲ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಸೋಂಕನ್ನು ಎದುರಿಸುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಬಗ್ಗೆ ನೀವು ಬರೆದ ‘ನಮ್ಮೊಳಗಿನ ಸೈನಿಕರು’ ಎಂಬ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ಭಾಷೆ ಸರಾಗವಾಗಿದೆ, ಓದಿಸಿಕೊಳ್ಳುತ್ತದೆ. ತೊಂದರೆ ಇರುವುದು ವಿಷಯದ ಬುಡದಲ್ಲೇ. ‘ಟಿ ಕೋಶವು ರಕ್ತದಲ್ಲಿ ಸುತ್ತಾಡುತ್ತ, ವೈರಸ್ಸನ್ನು ಕಂಡೊಡನೆ ಮೇಲೆರಗಿ ಕೊಲ್ಲುತ್ತದೆ’ ಎಂದು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಉಳಿದ ಲೇಖನವೆಲ್ಲ ನಿಂತಿರುವುದು ಈ ವಾಕ್ಯದ ಮೇಲೆ, ಮತ್ತು ಈ ವಾಕ್ಯ ತಪ್ಪು.

ಬಿಡಿಯಾಗಿ ತೇಲುವ ವೈರಸ್ಸಿಗೆ ನೇರವಾಗಿ ಅಂಟಿಕೊಳ್ಳುವುದು ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಿಂದ ಹುಟ್ಟುವ ಪ್ರತಿಕಾಯಗಳ (ಆಂಟಿಬಾಡಿ) ಕೆಲಸ. ನೀವು ಬರೆಯಹೊರಟಿರುವ ಟಿ ಕೋಶದ ಗ್ರಾಹಕಕ್ಕೆ, ಎಂದರೆ ಅದರ ಹೊರಮೈಯಲ್ಲಿದ್ದು ಗುರುತು ಹಿಡಿಯುವ ಅಣುವಿಗೆ, ಅಂಥ ವೈರಸ್ ಕಾಣುವುದೇ ಇಲ್ಲ. ನಮ್ಮ ಜೀವಕೋಶಗಳು ತಮ್ಮೊಳಗೆ ತಯಾರಾದ ಪ್ರೋಟೀನುಗಳಲ್ಲಿ ಕೆಲವನ್ನು ಸದಾ ಪ್ರೋಟಿಯಾಸೋಮ್ ಎಂಬ ಯಂತ್ರದಲ್ಲಿ ತುಂಡರಿಸುತ್ತಿರುತ್ತವೆ. ಆ ಚೂರುಗಳಲ್ಲಿ ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳಷ್ಟು ಉದ್ದದವು, ಚೂರುಗಳನ್ನು ಹಿಡಿದು ಹೊರಗೆ ತೋರಿಸುವ ಒಂದನೆಯ ವರ್ಗದ ಎಂಎಚ್‌ಸಿ ಅಣುವಿನ ತೋಡಿನಲ್ಲಿ ಕುಳಿತು ಕೋಶದ ಹೊರಮೈಗೆ ಬರುತ್ತವೆ. ಸೋಂಕು ಇಲ್ಲದಿದ್ದಾಗ ಅಲ್ಲಿರುವುದೆಲ್ಲ ನಮ್ಮದೇ ಪ್ರೋಟೀನಿನ ಚೂರು. ಸೋಂಕು ತಗುಲಿದಾಗ ವೈರಸ್ಸಿನ ಚೂರೂ ಅವುಗಳ ನಡುವೆ ಸೇರುತ್ತದೆ. ಸಿಡಿ8 ಎಂಬ ಬಗೆಯ ಟಿ ಕೋಶ ಗುರುತಿಸುವುದು ಆ ಚೂರು ಮತ್ತು ಅದನ್ನು ಹಿಡಿದಿರುವ ಎಂಎಚ್‌ಸಿ ಎರಡನ್ನೂ ಒಟ್ಟಿಗೆ. ಅದು ಕೊಲ್ಲುವುದು ವೈರಸ್ಸನ್ನಲ್ಲ, ಸೋಂಕು ತಗುಲಿದ ನಮ್ಮದೇ ಕೋಶವನ್ನು. ಸೈನಿಕ, ಗೂಢಚಾರ, ಕೋಟೆ ಎಂಬ ನಿಮ್ಮ ರೂಪಕಗಳು ಈ ಸಂಗತಿಯನ್ನೇ ಮರೆಮಾಡುತ್ತವೆ. ಹೋಲಿಕೆ ಬೇಕೇ ಬೇಕೆಂದಾದರೆ, ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಚುಕಿ ನೋಡುವುದು ಇದಕ್ಕೆ ಹೆಚ್ಚು ಹತ್ತಿರ.

ಈ ತಿಳಿವಳಿಕೆ ಬಂದ ಬಗೆಯೇ ನಿಮ್ಮ ಲೇಖನದ ಜೀವಾಳವಾಗಬೇಕಿತ್ತು. ನೀವು ಅದನ್ನು ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂದು ಮುಗಿಸಿದ್ದೀರಿ. ಯಾವ ವಿಜ್ಞಾನಿಗಳು, ಏನು ಮಾಡಿ? 1970ರ ದಶಕದ ಮೊದಲ ವರ್ಷಗಳಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದ ಜಾನ್ ಕರ್ಟಿನ್ ಸಂಶೋಧನಾ ಶಾಲೆಯಲ್ಲಿ ಪಶುವೈದ್ಯ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ವೈದ್ಯ ರಾಲ್ಫ್ ಜಿಂಕರ್‌ನಾಗೆಲ್ ಇಲಿಗಳ ಮಿದುಳಿನ ಪೊರೆಗೆ ಉರಿಯೂತ ತರುವ ಒಂದು ವೈರಸ್ಸನ್ನು ಅಧ್ಯಯನ ಮಾಡುತ್ತಿದ್ದರು. ಸೋಂಕಿತ ಇಲಿಯ ಟಿ ಕೋಶಗಳು ಗಾಜಿನ ತಟ್ಟೆಯಲ್ಲಿ ಅದೇ ವೈರಸ್ ತಗುಲಿದ ಕೋಶಗಳನ್ನು ಕೊಂದವು; ಆದರೆ ಆ ಕೋಶಗಳು ಬೇರೆ ಎಂಎಚ್‌ಸಿ ಇರುವ ಇನ್ನೊಂದು ತಳಿಯ ಇಲಿಯಿಂದ ಬಂದಿದ್ದರೆ, ವೈರಸ್ ಅದೇ ಇದ್ದರೂ ಮುಟ್ಟದೆ ಬಿಟ್ಟವು. ವೈರಸ್ ಒಂದೇ ಸಾಲದು, ಅದನ್ನು ತೋರಿಸುವ ಕೋಶದ ಗುರುತೂ ಹೊಂದಬೇಕು ಎಂಬ ಈ ಫಲಿತಾಂಶ 1974ರಲ್ಲಿ ಪ್ರಕಟವಾಯಿತು. ಅದಕ್ಕೆ 1996ರಲ್ಲಿ ನೊಬೆಲ್ ಬಂತು. ಮುಖ್ಯವಾಗಿ ಅಂಗಾಂಗ ಕಸಿಯನ್ನು ತಿರಸ್ಕರಿಸುವುದಕ್ಕೆ ಹೆಸರಾಗಿದ್ದ ಎಂಎಚ್‌ಸಿ ದೇಹದಲ್ಲಿ ನಿಜವಾಗಿ ಏತಕ್ಕಿದೆ ಎಂಬುದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಹಾಗಾದರೆ ಟಿ ಕೋಶಕ್ಕೆ ಎರಡನ್ನೂ ಒಟ್ಟಿಗೆ ನೋಡುವ ಗ್ರಾಹಕ ಒಂದೋ, ವೈರಸ್ಸಿಗೂ ಎಂಎಚ್‌ಸಿಗೂ ಬೇರೆಬೇರೆಯಾಗಿ ಎರಡೋ ಎಂಬ ಜಗಳ ಮಾತ್ರ ಹಲವು ವರ್ಷ ಉಳಿಯಿತು. 1986ರಲ್ಲಿ ಆಲೆನ್ ಟೌನ್‌ಸೆಂಡ್ ಮತ್ತು ಸಂಗಡಿಗರು, ಫ್ಲೂ ವೈರಸ್ಸಿನ ಒಳಗೆ ಅಡಗಿರುವ ನ್ಯೂಕ್ಲಿಯೋಪ್ರೋಟೀನಿನ ಚಿಕ್ಕ ಚೂರುಗಳೇ ಟಿ ಕೋಶವನ್ನು ಕೆರಳಿಸಲು ಸಾಕೆಂದು ತೋರಿಸಿದರು. ಈ ಕತೆಯನ್ನು ಹೇಳಿ, ಓದುಗರು ಹಿಂಬಾಲಿಸುತ್ತಾರೆ.

ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ‘ತರಬೇತಿ ಪಡೆಯುತ್ತವೆ’ ಎಂಬುದನ್ನೂ ತೆಗೆಯಿರಿ. ಅಲ್ಲಿ ಕಲಿಕೆ ನಡೆಯುವುದಿಲ್ಲ, ಆಯ್ಕೆ ನಡೆಯುತ್ತದೆ. ಜೀನ್‌ ತುಣುಕುಗಳು ಯದ್ವಾತದ್ವಾ ಜೋಡಣೆಯಾಗಿ ಪ್ರತಿ ಕೋಶಕ್ಕೂ ಒಂದು ಗ್ರಾಹಕ ಸಿಗುತ್ತದೆ. ನಮ್ಮ ಎಂಎಚ್‌ಸಿಯನ್ನು ಹಿಡಿಯಲಾರದವು ಸಾಯುತ್ತವೆ, ನಮ್ಮದೇ ಚೂರುಗಳಿಗೆ ಬಿಗಿಯಾಗಿ ಅಂಟುವವುಗಳಲ್ಲೂ ಬಹುಪಾಲು ಸಾಯುತ್ತವೆ. ನೂರರಲ್ಲಿ ಐದಕ್ಕಿಂತ ಕಡಿಮೆ ಕೋಶಗಳು ಹೊರಬರುತ್ತವೆ. ಇದನ್ನು ಕ್ಯಾನ್‌ಬೆರಾದ ಪ್ರಯೋಗದ ನಂತರ ಇಟ್ಟರೆ, ಟಿ ಕೋಶ ತನ್ನ ತಳಿಯ ಎಂಎಚ್‌ಸಿಯನ್ನೇ ಏಕೆ ಬಯಸುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಟಿ ಕೋಶಗಳದೇ ಇನ್ನೊಂದು ಬಗೆಯಾದ ಸಿಡಿ4 ಕೋಶಗಳು ಎರಡನೆಯ ವರ್ಗದ ಎಂಎಚ್‌ಸಿಯಲ್ಲಿ ಇನ್ನಷ್ಟು ಉದ್ದದ ಚೂರುಗಳನ್ನು ನೋಡುತ್ತವೆ ಎಂಬುದಕ್ಕೆ ಎರಡು ವಾಕ್ಯ ಸಾಕು.

ಲಸಿಕೆಗಳ ಬಗೆಗಿನ ಕೊನೆಯ ಭಾಗ ಎಲ್ಲರೂ ಬರೆಯುವಂಥದ್ದು. ಅದರ ಬದಲು ಕ್ಷಯದ ಮ್ಯಾಂಟೂ ಪರೀಕ್ಷೆಯನ್ನು ತೆಗೆದುಕೊಳ್ಳಿ. ನಮ್ಮ ಓದುಗರಲ್ಲಿ ಅನೇಕರು ಮಕ್ಕಳ ಮುಂದೋಳಿಗೆ ಅದನ್ನು ಚುಚ್ಚಿಸಿದವರೇ. ಫಲಿತಾಂಶ ನೋಡಲು 48ರಿಂದ 72 ಗಂಟೆ ಕಾಯಿಸುವುದೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕ್ಷಯಾಣುವಿನ ಪ್ರೋಟೀನನ್ನು ಚರ್ಮದ ಕೋಶಗಳು ತುಂಡರಿಸಿ ತೋರಿಸಬೇಕು, ಹಿಂದೆ ಅದನ್ನು ಕಂಡಿದ್ದ ಟಿ ಕೋಶಗಳು ಅದನ್ನು ಗುರುತಿಸಬೇಕು, ಬೇರೆ ಕೋಶಗಳನ್ನು ಕರೆಸಿಕೊಳ್ಳಬೇಕು. ಗಟ್ಟಿಯಾದ ಊತ ಆಮೇಲೆ ಏಳುತ್ತದೆ. ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲೂ ಅದು ಏಳಬಹುದು ಎಂಬ ಎಚ್ಚರಿಕೆಯನ್ನು ಮಾತ್ರ ಬಿಡಬೇಡಿ.

ಚಿತ್ರವನ್ನು ಹೊಸದಾಗಿ ಬರೆಸಬೇಕಾಗುತ್ತದೆ. ವೈರಸ್ಸಿಗೆ ಟಿ ಕೋಶ ಅಂಟಿಕೊಂಡಿರುವ ಈಗಿನ ಚಿತ್ರವನ್ನು ಬಿಟ್ಟು, 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು ಹಾರ್ವರ್ಡಿನಲ್ಲಿ ಬಿಡಿಸಿದ ಎಂಎಚ್‌ಸಿಯ ರಚನೆಯನ್ನು ಆಧಾರವಾಗಿಟ್ಟುಕೊಳ್ಳಿ: ಕೆಳಗೆ ಹಾಸಿನಂಥ ತಳ, ಇಕ್ಕೆಲದಲ್ಲಿ ಎರಡು ಸುರುಳಿಗಳು, ನಡುವಿನ ತೋಡಿನಲ್ಲಿ ಚೂರು. ಟಿ ಕೋಶದ ಗ್ರಾಹಕ ಮೇಲಿನಿಂದ ಬಂದು ಸುರುಳಿಗಳನ್ನೂ ಚೂರನ್ನೂ ಒಟ್ಟಿಗೆ ಮುಟ್ಟುತ್ತಿರಬೇಕು. ತಿದ್ದಿದ ಪ್ರತಿಯನ್ನು ಈ ಚಿತ್ರದೊಂದಿಗೆ ಕಳುಹಿಸಿ, ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ