ಹೆಡ್ ಬಿಚ್ಚಬೇಡಿ, ಮೊದಲು ಗ್ರೀಸ್ ಗನ್ ತನ್ನಿ

ಅಜ್ಜನ ಯೆಜ್ಡಿ ಬೈಕ್ ಹದಿನೈದು ವರ್ಷ ಕೊಟ್ಟಿಗೆಯಲ್ಲಿತ್ತು, ಈಗ ಕಿಕ್ ಸ್ವಲ್ಪವೂ ಇಳಿಯುತ್ತಿಲ್ಲ, ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಬಿಚ್ಚಿ ಸುತ್ತಿಗೆಯಲ್ಲಿ ಹೊಡೆಯೋಣ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ ಅಂದಿರಲ್ಲ, ಅವರನ್ನು ಒಂದು ವಾರ ತಡೆಯಿರಿ. ಪಿಸ್ಟನ್ ತುಕ್ಕು ಹಿಡಿದು ಬೋರಿನೊಳಗೆ, ಅಂದರೆ ಅದು ಓಡಾಡುವ ಕೊಳವೆಯೊಳಗೆ, ಅಂಟಿಕೊಂಡಿರಬೇಕು. ನೀವೂ ಕಿಕ್ ಮೇಲೆ ಹತ್ತಿ ಕುಣಿಯಬೇಡಿ. ನನ್ನ ಮೊದಲ ಗಾಡಿಯಲ್ಲಿ ನಾನು ಮಾಡಿದ್ದು ಅದನ್ನೇ. ಪಿಸ್ಟನ್ ಅಲ್ಲಾಡಲಿಲ್ಲ, ಕಿಕ್ಕಿನ ಹಲ್ಲು ಮುರಿಯಿತು. ಎಡಗಡೆ ಕವರ್ ಪೂರ್ತಿ ಬಿಚ್ಚಬೇಕಾಯಿತು.

ಮೊದಲು ಎರಡೂ ಸೈಲೆನ್ಸರ್ ಪೈಪ್ ಕಳಚಿ. ಪೈಪನ್ನು ಹಿಡಿದಿರುವ ರಿಂಗ್ ನಟ್ಟಿಗೆ ಕೊಕ್ಕೆ ಸ್ಪಾನರ್ ಬೇಕು, ಉಳಿ ಇಟ್ಟು ಹೊಡೆದರೆ ನಟ್ಟಿನ ರೆಕ್ಕೆ ಹೋಗುತ್ತದೆ. ಟಾರ್ಚ್ ಬಿಟ್ಟು ನೋಡಿ: ಪೋರ್ಟನ್ನು, ಅಂದರೆ ಪೈಪ್ ಕೂರುವ ಹೊಗೆ ತೂತನ್ನು, ಪಿಸ್ಟನ್ ಮುಚ್ಚಿದೆಯಾ? ಮುಚ್ಚಿದ್ದರೆ ನಿಮ್ಮ ಅದೃಷ್ಟ, ಹಾಕಿದ ಎಣ್ಣೆ ಅಲ್ಲೇ ನಿಲ್ಲುತ್ತದೆ.

ತುಕ್ಕು ಬಿಡಿಸುವ ಆ ಎಣ್ಣೆ ಹೀಗೆ: ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಆಯಿಲ್ ಅರ್ಧ, ಅಸಿಟೋನ್ ಅರ್ಧ. ಎರಡೂ ಬೇರೆಯಾಗುತ್ತಿರುತ್ತವೆ, ಚೆನ್ನಾಗಿ ಕುಲುಕಿ ಸ್ಪಾರ್ಕ್ ಪ್ಲಗ್ ತೂತಿನಿಂದ ಬಿಡಿ. ಹತ್ತಿರ ಬೀಡಿ ಗೀಡಿ ಬೇಡ, ಟ್ಯಾಂಕಿನ ಪೇಂಟ್ ಮೇಲೆ ಬಿದ್ದರೆ ಪೇಂಟೂ ಎದ್ದುಬರುತ್ತದೆ. ದಿನಾ ಬೆಳಿಗ್ಗೆ ಒಂದು ಕಡ್ಡಿ ಇಳಿಸಿ ಮಟ್ಟ ನೋಡಿ. ಇಳಿದಿದ್ದರೆ ಪಿಸ್ಟನ್ ರಿಂಗಿನ ಸಂದಿಗೆ ಇಳಿಯುತ್ತಿದೆ ಅಂತ ಲೆಕ್ಕ, ಮತ್ತೆ ತುಂಬಿಸಿ. ನಾಲ್ಕೈದು ದಿನ ಆದಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ. ಕೂದಲೆಳೆಯಷ್ಟು ಆಡಿದರೂ ಸಾಕು, ಅಲ್ಲಿಂದ ದಾರಿ ಸಿಕ್ಕಿತು.

ಆಗಲೂ ಬಿಡದಿದ್ದರೆ ಗ್ರೀಸ್ ಗನ್. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆಯಿರಿ, ಉಳಿದ ಟೊಳ್ಳು ಪ್ಲಗ್ಗಿಗೆ ಲೇತ್ ಅಂಗಡಿಯಲ್ಲಿ ಗ್ರೀಸ್ ನಿಪ್ಪಲ್ (ಗನ್ನಿನ ಬಾಯಿ ಸಿಕ್ಕಿಸುವ ಮೊಳೆ) ಕೂರಿಸಿಕೊಡುತ್ತಾರೆ. ಒಳಗೆ ಗಾಳಿ ಉಳಿಯದ ಹಾಗೆ ಎಣ್ಣೆ ಅಂಚಿನವರೆಗೆ ತುಂಬಿಸಿ, ಆ ಪ್ಲಗ್ ಬಿಗಿದು, ಗನ್ ಒತ್ತುತ್ತಾ ಹೋಗಿ. ಕೈಗೆ ಗಟ್ಟಿ ಬರುತ್ತದೆ, ಆಗ ನಿಲ್ಲಿಸಿ ಕಾಯಿರಿ, ಮತ್ತೆ ಒಂದೊತ್ತು. ನನ್ನ ಗಾಡಿಯಲ್ಲಿ ಟಕ್ ಅಂತ ಒಂದು ಸದ್ದು ಬಂತು, ಆಮೇಲೆ ಪೋರ್ಟಿನಿಂದ ತುಕ್ಕು ಬೆರೆತ ಗ್ರೀಸ್ ಶಾವಿಗೆ ಥರ ಹೊರಗೆ ಬಂತು. ಇದಕ್ಕೇ ಹೆಡ್ ಬಿಚ್ಚಬೇಡಿ ಅಂದಿದ್ದು, ಹೆಡ್ ಇಲ್ಲದಿದ್ದರೆ ಒತ್ತಡ ನಿಲ್ಲಲ್ಲ. ಕಂಪ್ರೆಸರ್ ಗಾಳಿ ಮಾತ್ರ ಹಾಕಬೇಡಿ, ಪ್ಲಗ್ ಗುಂಡಿನ ಥರ ಹಾರುತ್ತದೆ.

ಪೋರ್ಟ್ ತೆರೆದಿದ್ದರೆ ಈ ಉಪಾಯ ನಡೆಯಲ್ಲ, ಗ್ರೀಸ್ ಸುಮ್ನೆ ಹೊರಗೆ ಹೋಗುತ್ತದೆ. ಆಗ ಅಸಿಟೋನ್ ಪೂರ್ತಿ ಆರಿದ ಮೇಲೆ ಬೋರಿಗೆ ಹೊರಗಿನಿಂದ ಬಿಸಿಗಾಳಿ ಗನ್ ಹಿಡಿಯಿರಿ, ತಣ್ಣಗಾಗಲು ಬಿಡಿ, ಮತ್ತೆ ಹಿಡಿಯಿರಿ. ಬೋರ್ ಬೀಡು (ಎರಕದ ಕಬ್ಬಿಣ), ಪಿಸ್ಟನ್ ಅಲ್ಯೂಮಿನಿಯಂ, ಎರಡೂ ಒಂದೇ ಅಳತೆಯಲ್ಲಿ ಹಿಗ್ಗಲ್ಲ. ಆ ಎಳೆದಾಟಕ್ಕೇ ತುಕ್ಕು ಬಿಡುತ್ತದೆ. ಬೋರಿನ ಹೊರಗಿನ ಫಿನ್ನಿಗೆ (ತಂಪಾಗಿಸುವ ರೆಕ್ಕೆಗಳಿಗೆ) ಏಟು ಬೇಡವೇ ಬೇಡ. ಬೀಡು ಬಗ್ಗಲ್ಲ, ಮುರಿಯುತ್ತದೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ಒಳ್ಳೇ ಹಳೇ ಬೋರ್ ಈಗ ಕಡಿಮೆ.

ಪಿಸ್ಟನ್ ಬಿಟ್ಟುಕೊಂಡ ಖುಷಿಗೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸ್‌ಗೆ ಇಳಿದ ಕೊಳಕು ಬಸಿದು, ಬೇರಿಂಗ್, ಸೀಲು, ರಿಂಗು ನೋಡಲೇಬೇಕು.

ಪೋರ್ಟಿನ ಫೋಟೋ ಹಾಕಿ, ಪಿಸ್ಟನ್ ಎಲ್ಲಿ ನಿಂತಿದೆ ನೋಡಿ ಹೇಳುತ್ತೇನೆ.