ತಾಳವಾದ್ಯ ನುಡಿಸುವವರು ಆರ್ಕೆಸ್ಟ್ರಾ ನಿರ್ದೇಶಕರಾಗಲು ಸಾಧ್ಯವೇ? ಪಾಠ ಹೇಳುವುದು ಅದಕ್ಕೆ ಅಡ್ಡಿಯೇ?

ಖಂಡಿತ ಸಾಧ್ಯ. ಶಾಲೆಯಲ್ಲಿ ತಾಳವಾದ್ಯ ಕಲಿಸುವ ನೀವು ನಿರ್ದೇಶನಕ್ಕಾಗಿ ಪಾಠ ಬಿಡುವ ಯೋಚನೆಯಲ್ಲಿದ್ದೀರೆಂದೂ, ಪಿಟೀಲು ಅಥವಾ ಪಿಯಾನೊ ಕಲಿತವರಿಗಷ್ಟೇ ಈ ದಾರಿ ಎಂದು ಯಾರೋ ಹೇಳಿದರೆಂದೂ ಬರೆದಿದ್ದೀರಿ; ಆ ಮಾತನ್ನು ನಂಬಬೇಡಿ. 2002ರಿಂದ 2018ರವರೆಗೆ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದವನ್ನು ಮುನ್ನಡೆಸಿದ ಸೈಮನ್ ರ‍್ಯಾಟಲ್ ಎಳವೆಯಲ್ಲಿ ಯುವ ವಾದ್ಯವೃಂದಗಳ ತಾಳವಾದ್ಯಗಾರರಾಗಿದ್ದರು. ಎಸ್ಟೋನಿಯಾದ ಪಾವೊ ಯಾರ್ವಿ ಟ್ಯಾಲಿನ್‌ನಲ್ಲಿ ತಾಳವಾದ್ಯ, ನಿರ್ದೇಶನ ಎರಡನ್ನೂ ಕಲಿತವರು. ನಾನೂ ಟಿಂಪನಿ (ಶ್ರುತಿ ಹೊಂದಿಸಬಹುದಾದ, ಬಟ್ಟಲಿನಾಕಾರದ ದೊಡ್ಡ ಡ್ರಮ್) ನುಡಿಸುತ್ತಲೇ ನಿರ್ದೇಶನಕ್ಕೆ ಬಂದವನು. ಈಗ ವಾದನ, ನಿರ್ದೇಶನ, ಪಾಠ ಮೂರನ್ನೂ ನಡೆಸಿಕೊಂಡು ಹೋಗುತ್ತಿದ್ದೇನೆ.

ವೇದಿಕೆಯ ಕೊನೆಯ ಸಾಲಿನಲ್ಲಿ ನಿಲ್ಲುವುದೇ ಒಂದು ದೊಡ್ಡ ಶಿಕ್ಷಣ. ಸಂಯೋಜಕ ದ್ವೊರಾಕನ ಒಂಬತ್ತನೆಯ ಸಿಂಫನಿಯಲ್ಲಿ, ಲೋಹದ ತಟ್ಟೆಗಳಾದ ಸಿಂಬಲ್‌ಗೆ ಇರುವುದು ಒಂದೇ ಪೆಟ್ಟು, ಅದೂ ಕೊನೆಯ ಭಾಗದಲ್ಲಿ, ಮೆಲುದನಿಯಲ್ಲಿ. ಅಲ್ಲಿಯವರೆಗೆ ಆ ವಾದಕ ಉಳಿದೆಲ್ಲರ ಸಂಗೀತವನ್ನು ಕೇಳುತ್ತ ಕಾಯಬೇಕು. ಸಂಯೋಜಕ ರವೆಲ್‌ನ ಬೊಲೆರೊ ಎಂಬ ಕೃತಿಯಲ್ಲಿ ಇದಕ್ಕೆ ತದ್ವಿರುದ್ಧ: ಸ್ನೇರ್ ಡ್ರಮ್ (ಕಡ್ಡಿಗಳಿಂದ ಬಾರಿಸುವ ಚಿಕ್ಕ ಡ್ರಮ್) ಒಂದೇ ಲಯವಿನ್ಯಾಸವನ್ನು 169 ಸಲ ನುಡಿಸುತ್ತದೆ, ಇಡೀ ವೃಂದದ ಕಾಲಪ್ರಮಾಣ ಆ ಎರಡು ಕಡ್ಡಿಗಳ ಮೇಲೆ ನಿಂತಿರುತ್ತದೆ. ಟಿಂಪನಿಯವರ ಕಷ್ಟವೇ ಬೇರೆ. ಸುತ್ತಲಿನವರು ಬೇರೊಂದು ಶ್ರುತಿಯಲ್ಲಿ ನುಡಿಸುತ್ತಿರುವಾಗಲೇ ಅವರು ಕಿವಿಯನ್ನು ಚರ್ಮದ ಹತ್ತಿರ ತಂದು, ಬೆರಳತುದಿಯಿಂದ ಮೆಲ್ಲಗೆ ತಟ್ಟಿ, ಪೆಡಲ್ ಒತ್ತಿ ಮುಂದಿನ ಸ್ವರವನ್ನು ಹೊಂದಿಸಿಕೊಳ್ಳಬೇಕು. ಇಷ್ಟನ್ನು ವರ್ಷಗಟ್ಟಲೆ ಮಾಡಿದವರ ಕಿವಿ ನಿರ್ದೇಶನಕ್ಕೆ ಅರ್ಧ ಸಿದ್ಧವಾಗಿರುತ್ತದೆ.

ಉಳಿದರ್ಧವನ್ನು ಶ್ರಮಪಟ್ಟೇ ಗಳಿಸಬೇಕು. ನಮ್ಮ ಪೆಟ್ಟು ಬಿದ್ದ ಕ್ಷಣದಲ್ಲೇ ನಾದ ಹುಟ್ಟುತ್ತದೆ. ಕೊಳಲಿನವರಿಗೆ ಮೊದಲು ಉಸಿರು ಬೇಕು, ಪಿಟೀಲಿನವರಿಗೆ ಕಮಾನು ತಂತಿಯನ್ನು ಹಿಡಿಯಬೇಕು. ಹಾಗಾಗಿ ನಿರ್ದೇಶಕರ ಕೈ ಕೆಳಗಿಳಿಯುವುದಕ್ಕಿಂತ ಅದಕ್ಕೆ ಮುಂಚೆ ಮೇಲೇಳುವ ರೀತಿಯೇ ಮುಖ್ಯ, ಏಕೆಂದರೆ ವೇಗ, ದನಿಯ ಪ್ರಮಾಣ, ಭಾವ ಎಲ್ಲವೂ ಆ ಒಂದು ಚಲನೆಯಲ್ಲೇ ವಾದಕರಿಗೆ ತಿಳಿಯಬೇಕು. ಇದನ್ನು ಮೈಗೂಡಿಸಿಕೊಳ್ಳಲು ಸಮೂಹಗಾಯನದ ತಂಡವೊಂದರಲ್ಲಿ ಹಾಡಿ. ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪುಸ್ತಕ, ಓದಲು ಪಿಯಾನೊ ಬೇಕೇ ಬೇಕು. ಹಿತ್ತಾಳೆಯ ಗಾಳಿವಾದ್ಯವಾದ ಎಫ್ ಹಾರ್ನ್‌ನವರ ಹಾಳೆಯಲ್ಲಿ ಸಿ ಎಂದಿದ್ದರೆ ಕೇಳಿಸುವುದು ಅದರ ಕೆಳಗಿನ ಎಫ್, ಇಂಥವನ್ನು ನೋಡಿದೊಡನೆ ಮನಸ್ಸಿನಲ್ಲೇ ಕೇಳಿಸಿಕೊಳ್ಳುವಂತಾಗಬೇಕು.

ಪಾಠದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಬೇರೆ ವಾದಕರು ಕೋಣೆಯ ಬಾಗಿಲು ಹಾಕಿಕೊಂಡು ಸಾಧನೆ ಮಾಡಬಹುದು, ನಿರ್ದೇಶಕರಿಗೆ ಅದು ಸಾಧ್ಯವಿಲ್ಲ. ಅವರ ಸಾಧನೆಗೆ ಎದುರಿಗೆ ಜನ ಬೇಕು. ವಿದ್ಯಾರ್ಥಿಗಳ ವಾದ್ಯವೃಂದ ಕೊಡುವುದು ಅದನ್ನೇ. ಕಛೇರಿಗಳು ಎಂದೋ ಒಮ್ಮೆ ದೊರೆಯುವ ಆರಂಭದ ವರ್ಷಗಳಲ್ಲಿ ಪಾಠದಿಂದ ಜೀವನ ನಡೆಯುತ್ತದೆ ಎಂಬುದೂ ನಿಜ, ಆದರೆ ನಾನು ಪಾಠವನ್ನು ಬಿಡದಿರುವುದು ಅದಕ್ಕಾಗಿ ಅಲ್ಲ. ನಿರ್ದೇಶಕರ ಸನ್ನೆ ಅಸ್ಪಷ್ಟವಾದರೆ ನುರಿತ ವಾದಕರು ಪರಸ್ಪರ ನೋಡಿಕೊಂಡು ಹೇಗೋ ಒಟ್ಟಿಗೆ ಆರಂಭಿಸಿಬಿಡುತ್ತಾರೆ, ಅದರಿಂದ ಕೊರತೆ ಬಯಲಾಗುವುದೇ ಇಲ್ಲ. ಮಕ್ಕಳು ಹಾಗಲ್ಲ, ಕೈ ತುಸು ತಡವರಿಸಿದರೂ ಒಬ್ಬೊಬ್ಬರು ಒಂದೊಂದು ಕಡೆ ಶುರುಮಾಡುತ್ತಾರೆ, ತಪ್ಪು ಎಲ್ಲಿತ್ತೆಂದು ಆ ಕ್ಷಣವೇ ಗೊತ್ತಾಗುತ್ತದೆ. ಆದ್ದರಿಂದ ಪಾಠ ಬಿಡುವ ಯೋಚನೆಯನ್ನು ಸದ್ಯಕ್ಕೆ ಕೈಬಿಡಿ. ನೀವು ಕಲಿಸುವ ಶಾಲೆಯಲ್ಲಿ ತಾಳವಾದ್ಯ ವಿಭಾಗದ ತಾಲೀಮನ್ನು ಮೊದಲು ವಹಿಸಿಕೊಳ್ಳಿ, ಅನಂತರ ಗಾಳಿವಾದ್ಯಗಳದ್ದನ್ನು ಕೇಳಿ ಪಡೆಯಿರಿ; ಉಸಿರಿನ ಪಾಠ ನಿಮಗೆ ಅಲ್ಲೇ ಸಿಗುತ್ತದೆ.