ಅಪ್ಪನ ಕ್ಯಾಸೆಟ್ ಸಂಗ್ರಹವನ್ನು ಫಂಕ್‌ವೇಲ್‌ಗೆ (ನಮ್ಮದೇ ಸರ್ವರ್‌ನಲ್ಲಿ ಹಾಡಿಟ್ಟು ಕೇಳುವ ತಂತ್ರಾಂಶ) ಹಾಕಿದರೆ ಯಾವತ್ತೂ ಕಳೆದುಹೋಗಲ್ಲ, ಅಲ್ವಾ?

ಕಳೆದುಹೋಗುತ್ತದೆ. ನನ್ನದು ಹೋಗಿದೆ.

ಗೆಳೆಯರ ಸರ್ವರ್‌ಗಳ ಜೊತೆ ಜೋಡಿಸಿಬಿಟ್ಟರೆ ಒಂದು ಕೆಟ್ಟರೂ ಇನ್ನೊಂದರಲ್ಲಿ ಹಾಡು ಉಳಿಯುತ್ತದಲ್ಲ ಎಂದು ಕೇಳಿದ್ದೀರಿ. ನಾನೂ ಹಾಗೇ ನಂಬಿದ್ದೆ. ನಮ್ಮದು ಸಾಗರದ ಕಡೆ. ಅಪ್ಪಯ್ಯನಿಗೆ ಯಕ್ಷಗಾನ ತಾಳಮದ್ದಲೆಯ ಹುಚ್ಚು. ಎಲ್ಲೇ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. 90 ನಿಮಿಷದ ಕ್ಯಾಸೆಟ್, ಒಂದು ಬದಿಗೆ 45 ನಿಮಿಷ. ಹಾಗಾಗಿ ಸಂವಾದ ಕಾವೇರಿದ ಹೊತ್ತಿಗೇ ಸರಿಯಾಗಿ ಟಕ್ ಅಂತ ನಿಂತು, ಬದಿ ತಿರುಗಿಸುವಷ್ಟರಲ್ಲಿ ಕರ್ಣನ ಅರ್ಧ ಮಾತು ಹೋಗಿರುತ್ತಿತ್ತು. ಮಲೆನಾಡಿನ ಮಳೆಗೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತಿದ್ದುದರಿಂದ ನಾನು ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಒಂದೊಂದನ್ನೇ ಕಂಪ್ಯೂಟರ್‌ಗೆ ಇಳಿಸಿದೆ. ಕೆಲವು ಟೇಪುಗಳು ಆ ಕೊನೆಯ ಓಟದಲ್ಲೇ ತುಂಡಾದವು.

ಆಮೇಲೆ ಫಂಕ್‌ವೇಲ್ ಹಾಕಿದೆ. 2015ರಲ್ಲಿ ಗ್ರೂವ್‌ಶಾರ್ಕ್ ಎಂಬ ಹಾಡು ಕೇಳುವ ಜಾಲತಾಣ ಬಾಗಿಲು ಹಾಕಿದಾಗ ಅಂಥದ್ದೇ ಒಂದು ನಮ್ಮ ಕೈಯಲ್ಲೇ ಇರಲಿ ಎಂದು ಶುರುವಾದ ತಂತ್ರಾಂಶ ಅದು. ಒಂದೊಂದು ಸರ್ವರ್‌ಗೆ ಪಾಡ್ ಅಂತಾರೆ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲ ಬಳಸುವ ಆ್ಯಕ್ಟಿವಿಟಿಪಬ್ ಎಂಬ ಸಂವಹನ ನಿಯಮದ ಮೂಲಕವೇ ಪಾಡ್‌ಗಳು ಮಾತಾಡಿಕೊಳ್ಳುತ್ತವೆ. ಹುಬ್ಬಳ್ಳಿಯ ಗೆಳೆಯನೊಬ್ಬ ತನ್ನ ಪಾಡ್‌ನಿಂದ ನನ್ನ ಲೈಬ್ರರಿಯನ್ನು ಫಾಲೋ ಮಾಡಿದ. ಸ್ವಲ್ಪ ಹೊತ್ತಿಗೆ ಅಪ್ಪಯ್ಯನ ಪ್ರಸಂಗಗಳೆಲ್ಲ ಅವನ ಪುಟದಲ್ಲಿ ಸಾಲಾಗಿ ಬಂದವು. ಒತ್ತಿದರೆ ಕೇಳಿಸುತ್ತಿದ್ದವು ಕೂಡ. ಇನ್ನೇನು ಬೇಕು? ಎರಡು ಊರಲ್ಲಿ ಎರಡು ಪ್ರತಿ ಆಯ್ತು ಅಂದುಕೊಂಡು ಲ್ಯಾಪ್‌ಟಾಪಿನಲ್ಲಿದ್ದ ಮೂಲ ಫೈಲುಗಳನ್ನು ಅಳಿಸಿಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಇದೇ ಹಳ್ಳದ ಅಂಚಿನಲ್ಲಿದ್ದೀರಿ. ಲೈಬ್ರರಿಯನ್ನು ಫಾಲೋ ಮಾಡಿದಾಗ ಆ ಕಡೆಗೆ ಹೋಗುವುದು ವಿವರ ಮಾತ್ರ. ಹಾಡಿನ ಹೆಸರು, ಕಲಾವಿದರ ಹೆಸರು, ಆಲ್ಬಮ್, ಮುಖಪುಟದ ಚಿತ್ರ, ಇಷ್ಟೇ. ಧ್ವನಿಯ ಫೈಲು ನಿಮ್ಮಲ್ಲೇ ಇರುತ್ತದೆ. ಗೆಳೆಯ ಪ್ಲೇ ಒತ್ತಿದ ಮೇಲೆ ಅವನ ಪಾಡ್ ನಿಮ್ಮ ಪಾಡ್‌ನಿಂದ ಅದನ್ನು ತರಿಸಿಕೊಳ್ಳುತ್ತದೆ. ತರಿಸಿಕೊಂಡಿದ್ದನ್ನೂ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ 7 ದಿನ ಯಾರೂ ಕೇಳದ ಫೈಲನ್ನು ಅಳಿಸಿ, ಮತ್ತೆ ಯಾರಾದರೂ ಒತ್ತಿದಾಗ ಮತ್ತೆ ನಿಮ್ಮ ಹತ್ತಿರ ಕೇಳುತ್ತದೆ. ಜಾಗ ಉಳಿಸಲು ಹಾಗೆ ಮಾಡಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ಪಟ್ಟಿ ನೋಡಿ ಫೈಲು ಇದೆ ಅಂದುಕೊಂಡವನು ನಾನು.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಆಟವಾಡಿದ ಒಂದು ರಾತ್ರಿ ನನ್ನ ಪಾಡ್‌ನ ಹಾರ್ಡ್ ಡಿಸ್ಕ್ ಸತ್ತಿತು. ಯುಪಿಎಸ್ ಇರಲಿಲ್ಲ. ನನಗೇನೂ ಗಾಬರಿಯಾಗಲಿಲ್ಲ. ಗೆಳೆಯನಿಗೆ ಫೋನ್ ಮಾಡಿ, ಎಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡೋ ಅಂದೆ. ಅವನ ಪುಟದಲ್ಲಿ ಎಲ್ಲ ಹೆಸರೂ ಇದ್ದವು. ಒತ್ತಿದರೆ ಏನೂ ಬರಲಿಲ್ಲ. ಆ ವಾರ ಅವನು ಕೇಳಿದ್ದಷ್ಟೇ ಸಿಕ್ಕಿತು. ಅವನಿಗೋ ಹಾಸ್ಯ ಇಷ್ಟ. ಹಾಗಾಗಿ ಕೃಷ್ಣಸಂಧಾನದಂಥ ಗಂಭೀರ ಪ್ರಸಂಗಗಳೆಲ್ಲ ಹೋಗಿ, ಹಾಸ್ಯದ ತುಣುಕುಗಳು ಉಳಿದವು. ಡೇಟಾ ರಿಕವರಿ ಅಂಗಡಿಯವರು ದುಡ್ಡು ತಗೊಂಡು ಕೈಚೆಲ್ಲಿದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ವಿಕೇಂದ್ರೀಕರಣ ಬೇಕಿಲ್ಲ. ಎರಡು ಹೆಚ್ಚುವರಿ ಡಿಸ್ಕ್ ಬೇಕು, ಒಂದು ಬೇರೆ ಮನೆಯಲ್ಲಿರಬೇಕು. ಆರ್‌ಸಿಂಕ್ ಎಂಬ ಫೈಲು ನಕಲಿಸುವ ತಂತ್ರಾಂಶದಲ್ಲಿ ತಿಂಗಳಿಗೊಮ್ಮೆ ನಕಲಿಸಿ, ಡಿಸ್ಕ್ ಬಿಚ್ಚಿಡಿ. ಎರಡು ಕಂಪ್ಯೂಟರ್‌ಗಳ ಫೋಲ್ಡರನ್ನು ತಾನೇ ಒಂದೇ ಥರ ಇಡುವ ಸಿಂಕ್‌ಥಿಂಗ್ ಸಾಕಲ್ಲ ಅಂತ ಯಾರಾದರೂ ಹೇಳಬಹುದು. ಸುಮ್ನೆ ಬಿಟ್ಟರೆ ಅದು ನೀವು ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುತ್ತದೆ.

ಮನೆಯವರು ಕೇಳಲಿಕ್ಕಾದರೆ ನ್ಯಾವಿಡ್ರೋಮ್ ಎಂಬ ಹಾಡಿನ ಸರ್ವರ್ ತಂತ್ರಾಂಶ ಹಾಕಿ. ಒಂದೇ ಪ್ರೋಗ್ರಾಂ, ಫೋಲ್ಡರ್ ತೋರಿಸಿದರೆ ಓದಿಕೊಳ್ಳುತ್ತದೆ, ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ. ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರ್ ಸಾಕು. ಫಂಕ್‌ವೇಲ್‌ಗೆ ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಡೇಟಾಬೇಸ್‌ಗಳೆಲ್ಲ ಬೇಕು, ಅಪ್‌ಗ್ರೇಡ್ ಬಂದಾಗಲೆಲ್ಲ ಒಂದು ಭಾನುವಾರ ಹೋಗುತ್ತದೆ. ಎರಡಕ್ಕೂ ಫೋನಿನಲ್ಲಿ ಸಬ್‌ಸಾನಿಕ್ ಎಂಬ ಸಂಪರ್ಕ ವಿಧಾನ ಬಳಸುವ ಹಾಡಿನ ಆಪ್‌ಗಳೇ ನಡೆಯುತ್ತವೆ, ಹಾಗಾಗಿ ಅಮ್ಮನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂದಹಾಗೆ, ಮನೆಯ ಹೊರಗಿನಿಂದಲೂ ಕೇಳಬೇಕಿದ್ದರೆ, ನಿಮ್ಮ ರೂಟರ್‌ನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಹೊರವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದೀರಿ, ಹೊರಗಿನಿಂದ ನೇರವಾಗಿ ನಿಮ್ಮ ಮನೆಗೆ ಬರಲಾಗದು. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ದಾರಿ ತೆರೆಯುತ್ತಾ ಕೂರಬೇಡಿ, ನಿಮ್ಮ ಸಾಧನಗಳನ್ನು ಖಾಸಗಿ ಜಾಲದಲ್ಲಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ.

ಫೈಲಿನೊಳಗೆ ಹೆಸರು, ಕಲಾವಿದರನ್ನು ಬರೆದಿಡುವ ಟ್ಯಾಗ್ ಕೈಯಲ್ಲೇ ತುಂಬಿ. ತಾನೇ ಟ್ಯಾಗ್ ತುಂಬುವ ಪಿಕಾರ್ಡ್ ಎಂಬ ತಂತ್ರಾಂಶ ಸಿನಿಮಾ ಹಾಡುಗಳನ್ನು ಗುರುತಿಸಬಹುದು, ನಿಮ್ಮೂರಿನ ಕೂಟ ಅದಕ್ಕೆ ಹೇಗೆ ಗೊತ್ತಿರಬೇಕು? ನಾನು ಪ್ರಸಂಗದ ಹೆಸರನ್ನು ಆಲ್ಬಮ್ ಮಾಡಿ, ಹಾಡುವ ಭಾಗವತರನ್ನು ಆಲ್ಬಮ್ ಕಲಾವಿದರ ಜಾಗಕ್ಕೆ ಹಾಕಿ, ಮಾತಾಡುವ ಅರ್ಥಧಾರಿಗಳನ್ನೆಲ್ಲ ಟಿಪ್ಪಣಿಯಲ್ಲಿ ಬರೆಯುತ್ತೇನೆ. ಟ್ಯಾಗ್ ಇಲ್ಲದ ಫೈಲನ್ನು ಫಂಕ್‌ವೇಲ್ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಪಾಡ್ ಮಾಡುವ ಆಸೆ ಇನ್ನೂ ಇದ್ದರೆ ನೀವೇ ಹಾಡಿದ್ದನ್ನು ಚಾನೆಲ್ ಮಾಡಿ ಹಾಕಿ, ಅದಕ್ಕೆ ಫಂಕ್‌ವೇಲ್ ನಿಜಕ್ಕೂ ಚೆನ್ನಾಗಿದೆ. ಸಂಗ್ರಹವನ್ನು ಮಾತ್ರ ಎಲ್ಲರಿಗೂ ತೆರೆದಿಡಬೇಡಿ. ಧ್ವನಿಮುದ್ರಣದ ಹಕ್ಕು ನಮ್ಮ ಕಾಯ್ದೆಯಲ್ಲಿ ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಕೂಟದಲ್ಲಿ ಹಾಡಿದವರಿಗೆ, ಮಾತಾಡಿದವರಿಗೆ ಬೇರೆಯೇ ಹಕ್ಕಿದೆ. ಲೈಬ್ರರಿಯನ್ನು ಖಾಸಗಿಯಾಗಿಡಿ, ಅವರ ಮನೆಯವರಿಗೆ ಬೇಕಿದ್ದರೆ ಒಂದು ಪೆನ್‌ಡ್ರೈವ್ ಕೊಟ್ಟು ಬನ್ನಿ.